ಮನೆಗೆಲಸದವಳ ಪ್ರೇಮ

ದಲಿತ ಬರಹ ಅಂದಕೂಡಲೇ ನಮ್ಮ ವಿಮರ್ಶಕರು ನೋವನ್ನೇ ಹುಡುಕುತ್ತಾರೆ. ನೋವಿದ್ದರೆ ಅಧಿಕೃತ, ಪ್ರೇಮ ಬಂದರೆ ಮುಖ ಸಿಂಡರಿಸುತ್ತಾರೆ. ಈ ಅಳತೆಗೋಲಿನ ಮೇಲೆ ನನಗಿದ್ದ ಸಿಟ್ಟು ಅಮೆರಿಕದ ಕಪ್ಪು ಲೇಖಕಿ ಅಲಿಸಾ ಕೋಲ್ ಅವರ ‘ದಟ್ ಕುಡ್ ಬಿ ಇನಫ್’ (2017) ಎಂಬ ಕಿರುಕಾದಂಬರಿ ಓದಿದಾಗ ಮತ್ತೆ ಕೆರಳಿತು.

ಕತೆ ಹತ್ತೊಂಬತ್ತನೆಯ ಶತಮಾನದ ಆರಂಭದ ನ್ಯೂಯಾರ್ಕಿನದು. 1804ರಲ್ಲಿ ದ್ವಂದ್ವಯುದ್ಧದಲ್ಲಿ ಸತ್ತ ಅಲೆಕ್ಸಾಂಡರ್ ಹ್ಯಾಮಿಲ್ಟನ್ನನ ಹೆಂಡತಿ ಎಲೈಜಾ, ಗಂಡನ ಕೀರ್ತಿ ಉಳಿಸಲು ಹಳೆಯ ಸೈನಿಕರ ನೆನಪುಗಳನ್ನು ಕೂಡಿಹಾಕುತ್ತಿದ್ದಾಳೆ. ಅವಳಿಗೆ ನೆರವಾಗುವವಳು ಕಪ್ಪು ಕೆಲಸದಾಕೆ ಮರ್ಸಿ. ಹಿಂದೆ ಪ್ರೀತಿಸಿ ಪೆಟ್ಟು ತಿಂದವಳು. ಅಜ್ಜನ ಬದಲಿಗೆ ಅವನ ನೆನಪು ಹೇಳಲು ಬರುವ, ಬಟ್ಟೆ ಹೊಲಿಯುವ ಆಂಡ್ರೊಮಿಡಾ ಈ ಮರ್ಸಿಯ ಎದೆಯ ಅಗುಳಿ ತೆಗೆಯುತ್ತಾಳೆ.

ದೊಡ್ಡವರ ಚರಿತ್ರೆಗೆ ಕಾಗದ ಜೋಡಿಸುವವಳಿಗೂ ಸ್ವಂತದ್ದೊಂದು ಕತೆ ಉಂಟು ಎನ್ನುವುದೇ ಇಲ್ಲಿನ ರಾಜಕೀಯ. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ರದ್ದಾದದ್ದು 1827ರಲ್ಲಿ. ಮೈಯೇ ಒಡೆಯನ ಸೊತ್ತಾಗಿದ್ದ ಜನರ ನಡುವೆ ಇಬ್ಬರು ಹೆಂಗಸರು ತಾವಾಗಿ ಒಬ್ಬರನ್ನೊಬ್ಬರು ಆರಿಸಿಕೊಳ್ಳುವುದನ್ನು ಬರೀ ರಮ್ಯ ಕಲ್ಪನೆ ಅಂತ ತಳ್ಳಿಹಾಕುವವರ ಜತೆ ನನಗೆ ಮಾತಿಲ್ಲ.

ತಕರಾರೂ ಇದೆ. ಒಡತಿ-ಆಳಿನ ಸಂಬಂಧವನ್ನು ಕತೆ ಇನ್ನಷ್ಟು ಕೆದಕಬೇಕಿತ್ತು. ಒಳ್ಳೆಯ ಒಡತಿಯೂ ಒಡತಿಯೇ, ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಕಪ್ಪು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಆ ನಂಟು ಹಿಡಿದೇ ಇದನ್ನು ಓದಿದೆ. ಓದಿ ಮುಗಿಸಿದಾಗ ನಮ್ಮಜ್ಜಿ ನೆನಪಾದಳು. ಅವಳ ಹಸಿವು, ಕೂಲಿ, ತಿಂದ ಬೈಗುಳ ಎಲ್ಲ ಕೇಳಿ ಬರಕೊಂಡಿದ್ದೇನೆ. ಯಾರನ್ನಾದರೂ ಪ್ರೀತಿಸಿದ್ದೆಯಾ ಅಂತ ಒಂದು ದಿನವೂ ಕೇಳಲಿಲ್ಲ.