ನಿತ್ಯೋಪಯೋಗಕ್ಕೆ ಲಿನಕ್ಸ್ ವಿತರಣೆಯ ಆಯ್ಕೆ: ಕೋಲಾರ ಸೀಮೆಯ ದೃಷ್ಟಿಯಿಂದ ಒಂದು ವಿಮರ್ಶೆ

ಲೀನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಪ್ರಕಟಿಸಿದ ಲಿನಕ್ಸ್ ತಿರುಳಿಗೆ ಅವಶ್ಯವಾದ ಇತರ ಮುಕ್ತ ತಂತ್ರಾಂಶಗಳನ್ನು ಕೂಡಿಸಿ ಸಿದ್ಧಪಡಿಸಿದ ಕಾರ್ಯಾಚರಣಾ ವ್ಯವಸ್ಥೆಗೆ ‘ವಿತರಣೆ’ ಎಂದು ಹೆಸರು. ಡೆಬಿಯನ್ (1993), ಫೆಡೋರಾ (2003), ಉಬುಂಟು (2004), ಮಿಂಟ್ (2006) ಇವುಗಳಲ್ಲಿ ಪ್ರಸಿದ್ಧವಾದವು. ನಿತ್ಯೋಪಯೋಗಕ್ಕೆ ಯಾವುದು ಶ್ರೇಷ್ಠವೆಂಬ ಚರ್ಚೆಯು ಸಾಮಾನ್ಯವಾಗಿ ವೇಗ, ನೂತನತೆ, ತೆರೆಯ ಅಂದ ಇವುಗಳಲ್ಲಿಯೇ ಪರ್ಯವಸಾನವಾಗುತ್ತದೆ. ಈ ಮಾನದಂಡ ಸಾಲದು. ‘ನಿತ್ಯ’ವೆಂದರೆ ಯಾರ ನಿತ್ಯವೆಂಬುದನ್ನು ಮೊದಲು ನಿಶ್ಚಯಿಸಬೇಕೆಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ನಿತ್ಯವು ಏಕಭಾಷಿಕವಾದುದಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಎಲ್ಲೆಯಲ್ಲಿವೆ. ಮಾಲೂರು ತಮಿಳುನಾಡಿನ ಎಲ್ಲೆಯಲ್ಲಿದೆ. ಮನೆಯಲ್ಲಿ ತೆಲುಗು, ಶಾಲೆ ಕಛೇರಿಗಳಲ್ಲಿ ಕನ್ನಡವೆಂಬುದು ಇಲ್ಲಿ ಸಾಮಾನ್ಯ. ಆದಕಾರಣ ಒಂದೇ ಹಾಳೆಯಲ್ಲಿ ಎರಡು ಲಿಪಿಗಳನ್ನು ಬರೆಯಲು, ಮುದ್ರಿಸಲು ಅನುಕೂಲವಿದೆಯೆ ಎಂಬುದು ಪ್ರಥಮ ಪರೀಕ್ಷೆ. ಇದರಲ್ಲಿ ಮೇಲ್ಕಂಡ ನಾಲ್ಕೂ ತೇರ್ಗಡೆಯಾಗುತ್ತವೆ. ಐಬಸ್ ಎಂಬ ಲೇಖನ ಸಾಧನದ ಮೂಲಕ ಕನ್ನಡ, ತೆಲುಗು, ತಮಿಳುಗಳನ್ನು ಬರೆಯಬಹುದು, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೂ ಅದರಲ್ಲಿರುವುದರಿಂದ ‘ನುಡಿ’ಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಆದರೆ ಆಯ್ಕೆಪಟ್ಟಿ, ಸೂಚನೆಗಳ ಕನ್ನಡ ಅನುವಾದವು ಯಾವುದರಲ್ಲಿಯೂ ಪೂರ್ಣವಾಗಿಲ್ಲವೆಂಬ ನ್ಯೂನತೆಯನ್ನು ಮರೆಮಾಚಬಾರದು.

ಲಿನಕ್ಸಿನಲ್ಲಿ ಹಳೆಯ ಕನ್ನಡ ಕಡತಗಳು ಓದಲು ಬಾರವೆಂಬ ಆಕ್ಷೇಪವು ವಿಚಾರಾರ್ಹ. ಊರೂರಿನ ಡಿ.ಟಿ.ಪಿ. ಅಂಗಡಿಗಳಲ್ಲಿ ವರ್ಷಾನುಗಟ್ಟಲೆ ಸಿದ್ಧವಾದ ಲಗ್ನಪತ್ರಿಕೆ, ಅರ್ಜಿ, ಸಂಘದ ನಡವಳಿಗಳು ಬಹುಮಟ್ಟಿಗೆ ‘ನುಡಿ’, ‘ಬರಹ’ಗಳ ಹಳೆಯ ಸಂಕೇತದಲ್ಲಿವೆ, ಅಲ್ಲಿ ಕನ್ನಡದ ಆಕೃತಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನವನ್ನು ಆಕ್ರಮಿಸಿಕೊಂಡಿವೆ. ಆ ಫಾಂಟ್ ಇಲ್ಲದ ವಿಂಡೋಸ್ ಯಂತ್ರದಲ್ಲಿಯೂ ಅವು ಅರ್ಥಹೀನ ಅಕ್ಷರರಾಶಿಯೇ. ಇದ್ದರೂ ಒಂದು ಪದವನ್ನು ಕನ್ನಡದಲ್ಲಿ ಹುಡುಕಲಾಗದು. ಎಂದಮೇಲೆ ದೋಷವು ಸಂಕೇತದ್ದು, ವಿತರಣೆಯದ್ದಲ್ಲ. ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದೇ ಪರಿಹಾರ. ಯಾವ ವ್ಯವಸ್ಥೆಯನ್ನು ಆರಿಸಿದರೂ ಈ ಕಾರ್ಯ ತಪ್ಪದು.

ಹೀಗೆ ಲಿಪಿಯ ವಿಷಯದಲ್ಲಿ ನಾಲ್ಕೂ ಸಮಾನವಾದುದರಿಂದ ನಿರ್ಣಾಯಕವಾದುದು ಬಾಳಿಕೆ. ವಿಂಡೋಸ್ 10ರ ಸಾಮಾನ್ಯ ಭದ್ರತಾ ಪರಿಷ್ಕರಣೆಯು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳ ಒಡೆಯರಿಗೆ ಈ ಆಯ್ಕೆ ಅನಿವಾರ್ಯವಾಗಿದೆ. ಫೆಡೋರಾದ ಒಂದೊಂದು ಆವೃತ್ತಿಗೆ ಪರಿಷ್ಕರಣೆ ದೊರೆಯುವುದು ಸುಮಾರು 13 ತಿಂಗಳು ಮಾತ್ರ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಅದನ್ನು ಆಧರಿಸಿದ ಮಿಂಟಿಗೂ 5 ವರ್ಷ. ಡೆಬಿಯನ್ನಿಗೆ ಮೊದಲು 3, ಬಳಿಕ ದೀರ್ಘಾವಧಿಯ ಏರ್ಪಾಡಿನಲ್ಲಿ ಮತ್ತೆ 2 ವರ್ಷ. ವರ್ಷಕ್ಕೊಮ್ಮೆ ವ್ಯವಸ್ಥೆಯನ್ನು ಬದಲಿಸಿಕೊಡುವ ತಜ್ಞರು ಹಳ್ಳಿಯ ಶಾಲೆಗೆ ಸುಲಭವಾಗಿ ದೊರೆಯರು. ಅಲ್ಲಿ ನೂತನತೆಯು ಗುಣವಾಗುವ ಬದಲು ಹೊರೆಯಾಗುತ್ತದೆ.

ಆದುದರಿಂದ ವಿಂಡೋಸಿನ ವಿನ್ಯಾಸಕ್ಕೆ ಒಗ್ಗಿದ ಮನೆಗೂ ಶಾಲೆಗೂ ಮಿಂಟ್ ಯುಕ್ತ; ಅಲ್ಪಸ್ವಲ್ಪ ದುರಸ್ತಿ ಬಲ್ಲವರಿರುವ ಕಡೆ ಡೆಬಿಯನ್ ಯುಕ್ತ. ಆರಿಸುವ ಮುನ್ನ ಪೆನ್‌ಡ್ರೈವಿನಿಂದಲೇ ಅದನ್ನು ನಡೆಯಿಸಿ, ತಮ್ಮ ಮುದ್ರಣಯಂತ್ರದಲ್ಲಿ ಕನ್ನಡ ತೆಲುಗುಗಳೆರಡೂ ಇರುವ ಒಂದು ಪುಟವನ್ನು ತೆಗೆದು ನೋಡಬೇಕು. ಅನ್ಯರು ಕೊಡುವ ಶ್ರೇಯಾಂಕಗಳಿಗಿಂತ ಆ ಒಂದು ಪುಟವೇ ಹೆಚ್ಚಿನ ಪ್ರಮಾಣ.