ಪಂಜೆಯವರ ಹಾಡು, ನಮ್ಮ ಸಾರಾಂಶ

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ನಮ್ಮ ವಿಮರ್ಶೆಯು ಶಿಶುಸಾಹಿತ್ಯದ ಪಿತಾಮಹರೆಂದು ಕರೆದು, ಪೀಠದ ಮೇಲೆ ಕುಳ್ಳಿರಿಸಿ, ಕೈತೊಳೆದುಕೊಂಡಿದೆ. ಅವರು ಅಧ್ಯಾಪಕರಾಗಿದ್ದರು, ಶಾಲಾ ಇನ್‌ಸ್ಪೆಕ್ಟರರಾಗಿದ್ದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು ಎಂಬುದನ್ನು ಜೀವನಚರಿತ್ರೆಯ ಪುಟದಲ್ಲಿಯೇ ಬಿಟ್ಟು, ಕವಿತೆಗೆ ಬರುವಾಗ ಮರೆಯುತ್ತೇವೆ. ಆ ಹಾಡುಗಳನ್ನು ಕಟ್ಟಿದುದು ತರಗತಿಯನ್ನು ಬಲ್ಲ ಕೈ ಎಂಬುದು ನನ್ನ ಅಭಿಪ್ರಾಯ.

'ಹಾವಿನ ಹಾಡ'ನ್ನೇ ತೆಗೆದುಕೊಳ್ಳೋಣ. ಮೊದಲು ಹಾವನ್ನು ಕರೆಯುವುದು, ಆಮೇಲೆ ಕೊಳಲೂದಿ ಆಡಿಸುವುದು, ಅನಂತರ ತಲೆಯ ರತ್ನದ ಮಾತೆತ್ತಿ ಬೇಡುವುದು, ಕಡೆಗೆ ಹೊರಕ್ಕೆ ಕಳುಹಿಸುವುದು. ಒಂದೊಂದು ಪದ್ಯದ ಕೊನೆಗೂ ಒಂದೇ ಅಕ್ಷರ ಮತ್ತೆ ಮತ್ತೆ ಮೊಳಗುತ್ತದೆ. ಇದನ್ನು ಬರಿಯ ನಾದಚಪಲವೆನ್ನುವವರು ನಲವತ್ತು ಮಕ್ಕಳ ಎದುರು ಒಮ್ಮೆ ನಿಂತು ನೋಡಬೇಕು. ಮೊದಲ ಸಾಲುಗಳು ಒಬ್ಬನವು. ಕೊನೆಯದು ಇಡೀ ತರಗತಿಯದು. ಓದು ಬಾರದ ಮಗುವಿಗೂ ಅಲ್ಲಿ ಪಾಲುಂಟು. ಕರೆಯುವ ದನಿ ಬೇರೆ, ಬೇಡುವ ದನಿ ಬೇರೆ, ಅಟ್ಟುವ ದನಿ ಬೇರೆ. ಈ ಭೇದವನ್ನು ಬಾಯಲ್ಲಿ ತೋರಿಸಬಲ್ಲ ಹುಡುಗನಿಗೆ ಭಾವಾರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ನಾವೇನು ಮಾಡುತ್ತಿದ್ದೇವೆ? ಕವಿಯ ಸ್ಥಳ, ಕಾಲ, 'ಕವಿಶಿಷ್ಯ'ವೆಂಬ ಕಾವ್ಯನಾಮ, ಇಷ್ಟನ್ನು ಒಂದು ಅಂಕದ ಪ್ರಶ್ನೆಗೆ ಉರುಹೊಡೆಸಿ, ಹಾಡಿನ ಸಾರಾಂಶವನ್ನು ಬರೆಯಿಸುತ್ತೇವೆ. ಹಾವನ್ನು ಕರೆದು ಕಳುಹಿಸಿದುದಕ್ಕೆ ಸಾರಾಂಶವೆಂತಹದು! ಗೈಡುಗಳ ಮಾತು ಬಿಡಿ. ಈಚಿನ ವಿಡಿಯೋ ಪಾಠಗಳಲ್ಲಿ ಬಣ್ಣದ ಹಾವು ತಾನೇ ಕುಣಿಯುತ್ತದೆ, ಯಂತ್ರ ತಾನೇ ಹಾಡುತ್ತದೆ, ಮಕ್ಕಳು ಕೈಕಟ್ಟಿ ಕುಳಿತಿರುತ್ತಾರೆ. ಹೊಸ ಸಾಧನವೆಂದು ನನಗೆ ವಿರೋಧವಿಲ್ಲ. ಅದು ಮಕ್ಕಳ ಬಾಯಿ ಮುಚ್ಚಿಸುತ್ತದೆ, ತಕರಾರು ಅಷ್ಟೇ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಟ್ಟಿಗೆ ಈ ನಷ್ಟ ಇಮ್ಮಡಿಯಾದುದು. ಇಲ್ಲಿ ಬಹುಮಂದಿ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಪಂಜೆಯವರ ಮನೆಮಾತೂ ಕೊಂಕಣಿಯೇ. ಕನ್ನಡವನ್ನು ಶಾಲೆಯಲ್ಲಿ, ಅದೂ ಕಿವಿಯಿಂದ, ಪಡೆಯಬೇಕಾದ ಮಗುವನ್ನು ಅವರು ಬಲ್ಲರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದುದು ಸುಮ್ಮನೆ ಅಲ್ಲ.

1924ರ 'ಕೋಟಿ ಚೆನ್ನಯ'ದಲ್ಲಿ ಅವರು ತುಳು ಪಾಡ್ದನವನ್ನು ಕನ್ನಡ ಗದ್ಯಕ್ಕೆ ತಂದರು. ಗದ್ಯವು ಹದವಾದುದು, ಚುರುಕಾದುದು. ಆದರೆ ನೇಜಿ ನೆಡುವ ಹೆಂಗಸರ ಬಾಯಲ್ಲಿ ಪಾಡ್ದನಕ್ಕಿರುವ ಎಳೆತ, ಮರುಕಳಿಕೆ ಅದರಲ್ಲಿ ಇಲ್ಲ. ಗದ್ಯವೆಂದ ಮೇಲೆ ಅದು ತಪ್ಪದು. ಆ ಕೊರತೆಯನ್ನು ತುಂಬಬಲ್ಲವರು ತರಗತಿಯಲ್ಲಿಯೇ ಇದ್ದಾರೆ. ಕೋಟಿ ಚೆನ್ನಯರ ಗರಡಿಗೆ ಹೋಗಿಬಂದ ಮಕ್ಕಳಿಗೆ ಬುದ್ಯಂತನೊಡನೆ ನಡೆದ ಗದ್ದೆಯ ಜಗಳದ ಭಾಗವನ್ನು ಓದಿ ಹೇಳಿ, 'ನಿನ್ನ ಅಜ್ಜಿ ಇದನ್ನು ಹೇಗೆ ಹೇಳುತ್ತಾರೆ, ಕೇಳಿಕೊಂಡು ಬಾ' ಎಂದರೆ ಸಾಕು. ಮರುದಿನ ಬರುವ ತುಳು ಮಾತುಗಳನ್ನು ಕರಿಹಲಗೆಯ ಒಂದು ಬದಿಗೆ, ಪಂಜೆಯವರ ಕನ್ನಡವನ್ನು ಇನ್ನೊಂದು ಬದಿಗೆ ಬರೆದಿಟ್ಟರೆ, ಅವರು ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂದು ಏಳನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು. ವಿಮರ್ಶೆಯೆಂದು ನಾವು ಎಂ.ಎ. ತರಗತಿಯಲ್ಲಿ ಮಾಡುವುದೂ ಇದನ್ನೇ. ಖರ್ಚು ಒಂದು ಸೀಮೆಸುಣ್ಣದ್ದು.

ಮೂಡುಬಿದಿರೆಯ ರತ್ನಾಕರವರ್ಣಿಯ ಸಾಂಗತ್ಯವೂ ಹಾಡುವುದಕ್ಕೆಂದೇ ಹುಟ್ಟಿದುದು. ಕಾಲೇಜಿನಲ್ಲಿ 'ಭರತೇಶ ವೈಭವ'ಕ್ಕೆ ನಾವು ಮಾಡಿರುವ ಗತಿಯನ್ನು ಕುರಿತು ಬೇರೆಯಾಗಿಯೇ ಬರೆಯಬೇಕು.