ವಿಧಿಯ ನಾದ, ರಂಗದ ಬೆಳಕು: ೧೯೨೪ರ ಲಂಡನ್ನಿನಲ್ಲಿ ಟಿಬೆಟ್ಟಿನ ಭಿಕ್ಷುವಾದಕರು

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಟಿಬೆಟ್ಟಿನ ಮಠಸಂಗೀತವು ಪಾಶ್ಚಾತ್ಯ ಪ್ರೇಕ್ಷಕರ ಎದುರು ನಿಂತ ಸಂದರ್ಭಗಳಲ್ಲಿ ೧೯೨೪ರ ಲಂಡನ್ ಪ್ರದರ್ಶನ ಬಹು ಮುಖ್ಯವಾದುದು. ಆದರೆ ಈ ಘಟನೆ ಇದುವರೆಗೆ ಹೆಚ್ಚಾಗಿ ಪರ್ವತಾರೋಹಣದ ಚರಿತ್ರೆಯಲ್ಲಿ ಒಂದು ಉಪಕಥೆಯಾಗಿ, ರಾಜತಾಂತ್ರಿಕ ಚರಿತ್ರೆಯಲ್ಲಿ ಒಂದು ವಿವಾದವಾಗಿ ದಾಖಲಾಗಿದೆ. ಸಂಗೀತದ ದೃಷ್ಟಿಯಿಂದ ನೋಡಿದಾಗ ಅದು ಎತ್ತುವ ಪ್ರಶ್ನೆ ಬೇರೆ: ಒಂದು ವಿಧಿಯ ನಾದವನ್ನು ಅದರ ನೆಲೆಯಿಂದ ಹೊರಗೆ ಕಳುಹಿಸುವ ಅಧಿಕಾರ ಯಾರದು?

೧೯೨೪ರ ಎವರೆಸ್ಟ್ ಯಾತ್ರೆಯ ಚಲನಚಿತ್ರ ಹಾಗೂ ಛಾಯಾಚಿತ್ರಗಳ ಹಕ್ಕನ್ನು ಕ್ಯಾಪ್ಟನ್ ಜಾನ್ ನೋಯೆಲ್ ೮,೦೦೦ ಪೌಂಡುಗಳಿಗೆ ಪಡೆದಿದ್ದನು. ಅದೇ ವರ್ಷದ ಜೂನ್ ೮ರಂದು ಮ್ಯಾಲೊರಿ ಮತ್ತು ಅರ್ವಿನ್ ಶಿಖರದ ಸಮೀಪದಲ್ಲಿ ಕಣ್ಮರೆಯಾದರು. ನೋಯೆಲ್ ಸಿದ್ಧಪಡಿಸಿದ ‘ದಿ ಎಪಿಕ್ ಆಫ್ ಎವರೆಸ್ಟ್’ ಎಂಬ ಮೂಕಿಚಿತ್ರವು ಡಿಸೆಂಬರಿನಲ್ಲಿ ಲಂಡನ್ನಿನ ಸ್ಕಾಲಾ ರಂಗಮಂದಿರದಲ್ಲಿ ತೆರೆಕಂಡಿತು. ಚಿತ್ರಕ್ಕೆ ಪೂರ್ವಭಾವಿಯಾಗಿ, ಗ್ಯಾಂತ್ಸೆಯಿಂದ ಕರೆತಂದ ಏಳು ಮಂದಿ ಭಿಕ್ಷುಗಳು ರಂಗದ ಮೇಲೆ ವಾದ್ಯಗಳನ್ನು ನುಡಿಸಿ, ಮಂತ್ರಪಠನ ಮಾಡಿ, ನರ್ತಿಸಿದರು.

ಅವರು ನುಡಿಸಿದ ಸಂಗೀತದ ಸ್ವರೂಪವನ್ನು ಮೊದಲು ಗಮನಿಸಬೇಕು. ಟಿಬೆಟ್ಟಿನ ಮಠಗಳ ವಾದ್ಯಮೇಳದಲ್ಲಿ ದುಂಗ್‌ಚೆನ್ ಎಂಬ ನೀಳ ಕಹಳೆ, ನಮ್ಮ ಮುಖವೀಣೆಯಂತೆ ಜೋಡಿ ನಾಲಗೆಯುಳ್ಳ ಗ್ಯಾಲಿಂಗ್, ತೊಡೆಯೆಲುಬಿನಿಂದ ಮಾಡಿದ ಕಾಂಗ್ಲಿಂಗ್, ಹಿಡಿಯುಳ್ಳ ಮದ್ದಳೆ ‘ಙ’ ಮತ್ತು ರೊಲ್ಮೊ ಎಂಬ ದೊಡ್ಡ ತಾಳಗಳಿರುತ್ತವೆ. ಇಲ್ಲಿ ಸ್ವರಮಾಲಿಕೆಯ ಇಂಪಿಗಿಂತ ನಾದದ ಗಾತ್ರ, ಬಣ್ಣ ಮತ್ತು ತಾಳದ ಘಾತಗಳು ಕ್ರಮೇಣ ಒತ್ತೊತ್ತಾಗುತ್ತ ಹೋಗುವ ಗತಿಯೇ ಪ್ರಧಾನ. ‘ಚಾಮ್’ ಎಂಬ ಮುಖವಾಡದ ನೃತ್ಯವನ್ನು ಮುನ್ನಡೆಸುವುದೂ ತಾಳವೇ. ಅನೇಕ ಮಠಗಳಲ್ಲಿ ಚಾಮ್ ವರ್ಷಾಂತ್ಯದಲ್ಲಿ, ಕಳೆದ ವರ್ಷದ ಕೇಡನ್ನು ಹೊರಹಾಕುವ ವಿಧಿಯಾಗಿ ನಡೆಯುತ್ತದೆ. ಅದಕ್ಕೆ ಮುನ್ನ ದಿನಗಟ್ಟಲೆ ಪೂಜೆ ಸಲ್ಲುತ್ತದೆ. ನೆರೆದ ಜನರು ಅಲ್ಲಿ ಕೇವಲ ನೋಡುಗರಲ್ಲ, ಆ ವಿಧಿಯ ಫಲಭಾಗಿಗಳು.

ಸ್ಕಾಲಾ ರಂಗದಲ್ಲಿ ಈ ಸಂಬಂಧಗಳೆಲ್ಲ ಕಳಚಿದವು. ಪಂಚಾಂಗದ ದಿನಕ್ಕೆ ಬದಲಾಗಿ ಪ್ರದರ್ಶನದ ವೇಳಾಪಟ್ಟಿ ಬಂದಿತು, ಮಠದ ಅಂಗಳಕ್ಕೆ ಬದಲಾಗಿ ಚಿತ್ರಿತ ದೃಶ್ಯಪಟ ಬಂದಿತು. ಮೂಕಿಚಿತ್ರದ ಹಿಮಾಲಯಕ್ಕೆ ‘ವಾತಾವರಣ’ವನ್ನು ಒದಗಿಸುವುದೇ ಭಿಕ್ಷುಗಳ ನಾದಕ್ಕೆ ಉಳಿದ ಕೆಲಸವಾಯಿತು. ಪತ್ರಿಕೆಗಳು ಅವರನ್ನು ‘ನರ್ತಿಸುವ ಲಾಮಾಗಳು’ ಎಂದು ಕರೆದವು. ಲಾಮಾ ಎಂಬುದು ಗುರುವಿಗೆ ಸಲ್ಲುವ ಪದ. ಮಠದ ಪ್ರತಿಯೊಬ್ಬ ಭಿಕ್ಷುವೂ ಲಾಮಾ ಅಲ್ಲ. ಈ ಒಂದು ಹೆಸರಿನಲ್ಲಿಯೇ ಗುರುಸ್ಥಾನವೂ ವಿನೋದವೂ ಬೆರೆತುಹೋದುದನ್ನು ಕಾಣಬಹುದು.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ನಿದರ್ಶನವಿದೆ. ೧೯೨೨ರ ಯಾತ್ರೆಯಲ್ಲಿದ್ದ ವೈದ್ಯ ಹೊವಾರ್ಡ್ ಸಾಮರ್‌ವೆಲ್ ಟಿಬೆಟ್ಟಿನಲ್ಲಿ ತಾನು ಕೇಳಿದ ಜನಪದ ಧಾಟಿಗಳನ್ನು ಬರೆದುಕೊಂಡಿದ್ದನು. ಅವು ಪಾಶ್ಚಾತ್ಯ ವಾದ್ಯಗಳಿಗೆ ಅಳವಟ್ಟು ಆ ಯಾತ್ರೆಯ ಚಿತ್ರಕ್ಕೆ ಹಿನ್ನೆಲೆಯಾದವು. ಜನಪದ ಧಾಟಿಯು ಸ್ವರಲಿಪಿಗೆ ಒಗ್ಗಿತು, ಆದುದರಿಂದ ಹಾಡಿದವರಿಲ್ಲದೆಯೇ ಪ್ರಯಾಣ ಮಾಡಿತು. ಮಠದ ನಾದವು ಹಾಗೆ ಒಗ್ಗುವಂಥದಲ್ಲ. ಅದು ಬೇಕಾದರೆ ಭಿಕ್ಷುಗಳನ್ನೇ ತರಬೇಕಾಗಿತ್ತು. ವಿವಾದದ ಬೀಜವಿರುವುದು ಇಲ್ಲಿಯೇ.

ಲ್ಹಾಸಾದ ಸರ್ಕಾರವು ಈ ಪ್ರದರ್ಶನವನ್ನು ಧರ್ಮಕ್ಕಾದ ಅಪಚಾರವೆಂದು ಪರಿಗಣಿಸಿತು. ಚಿತ್ರದಲ್ಲಿ ಹೇನು ಹೆಕ್ಕುವ ದೃಶ್ಯವೂ ಆಕ್ಷೇಪಕ್ಕೆ ಗುರಿಯಾಯಿತು. ಭಿಕ್ಷುಗಳನ್ನು ಹಿಂದಿರುಗಿಸಬೇಕೆಂದು ೧೯೨೫ರಲ್ಲಿ ಅದು ಒತ್ತಾಯಿಸಿತು. ಮುಂದಿನ ಯಾತ್ರೆಗೆ ಅನುಮತಿ ದೊರೆಯಲಿಲ್ಲ. ಬ್ರಿಟಿಷರ ಮರುಯಾತ್ರೆ ಸಾಧ್ಯವಾದುದು ೧೯೩೩ರಲ್ಲಿ. ಇತಿಹಾಸಕಾರ ಪೀಟರ್ ಹ್ಯಾನ್ಸೆನ್ ೧೯೯೬ರ ತಮ್ಮ ಲೇಖನದಲ್ಲಿ ಈ ಪ್ರಕರಣವನ್ನು ಟಿಬೆಟ್ಟಿನ ಆಂತರಿಕ ರಾಜಕಾರಣದೊಡನೆ ಇಟ್ಟು ನೋಡಿದ್ದಾರೆ. ಸೈನ್ಯದ ಆಧುನೀಕರಣವನ್ನು ಬೆಂಬಲಿಸಿದ ಸಾರೋಂಗ್ ಮೊದಲಾದವರ ಪ್ರಭಾವ ಕುಗ್ಗಿ, ಮಠಗಳ ಪಕ್ಷ ಬಲಗೊಂಡ ಕಾಲವದು. ಈ ವಾದ ಸಮರ್ಪಕವಾದುದೇ. ಆದರೆ ಭಿಕ್ಷುಗಳ ಕುಣಿತ ಕೇವಲ ನೆಪವಾಗಿತ್ತೆಂದು ಅದರಿಂದ ತೀರ್ಮಾನಿಸಲಾಗದು. ಆ ನಾದವು ಯಾರದು ಎಂಬ ಬಗ್ಗೆ ಗಾಢವಾದ ಭಾವನೆ ಇದ್ದುದರಿಂದಲೇ ಅದು ರಾಜಕಾರಣದಲ್ಲಿ ಅಷ್ಟು ತೂಕದ ಮಾತಾಗಲು ಸಾಧ್ಯವಾಯಿತು.

ವಿಧಿಯನ್ನು ರಂಗಕ್ಕೆ ತಂದುದೇ ತಪ್ಪೆಂದು ಹೇಳುವುದೂ ಸರಳೀಕರಣವಾದೀತು. ೧೯೫೯ರ ನಂತರದ ದೇಶಾಂತರವಾಸದಲ್ಲಿ ಡ್ರೆಪುಂಗ್ ಮಠವು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನಲ್ಲಿ ಮರುಸ್ಥಾಪನೆಗೊಂಡಿತು. ಅದರ ಲೋಸೆಲಿಂಗ್ ವಿದ್ಯಾಲಯದ ಭಿಕ್ಷುಗಳು ೧೯೮೮ರಿಂದ ಪಾಶ್ಚಾತ್ಯ ರಂಗಮಂದಿರಗಳಲ್ಲಿ ಮಂತ್ರಪಠನ, ವಾದ್ಯ ಹಾಗೂ ಚಾಮ್ ಭಾಗಗಳನ್ನು ಪ್ರಸ್ತುತಪಡಿಸಿದ್ದಾರೆ. ಅಲ್ಲಿಯೂ ವಿಧಿ ಸಂಕ್ಷೇಪಗೊಳ್ಳುತ್ತದೆ, ರಂಗದ ಬೆಳಕು ಇರುತ್ತದೆ, ಟಿಕೆಟ್ಟೂ ಇರುತ್ತದೆ. ವ್ಯತ್ಯಾಸವಿರುವುದು ಕಳುಹಿಸುವವರಲ್ಲಿ. ದಲೈ ಲಾಮಾ ಅವರ ಅನುಮೋದನೆಯೊಡನೆ ಮಠವೇ ಅವರನ್ನು ಕಳುಹಿಸುತ್ತದೆ. ಏನನ್ನು ತೋರಿಸಬೇಕು, ಯಾವ ಉದ್ದೇಶಕ್ಕೆ ತೋರಿಸಬೇಕು ಎಂಬುದನ್ನು ನಿರ್ಧರಿಸುವುದೂ ಮಠವೇ. ಸ್ಕಾಲಾ ರಂಗದಲ್ಲಿ ಆ ನಿರ್ಧಾರವು ಚಿತ್ರದ ಒಡೆಯರ ಕೈಯಲ್ಲಿತ್ತು.

ಆದುದರಿಂದ ೧೯೨೪ರ ಪ್ರದರ್ಶನವನ್ನು ಎವರೆಸ್ಟಿನ ಕಥೆಯ ಅಡಿಟಿಪ್ಪಣಿಯಾಗಿ ಬಿಡುವುದು ಉಚಿತವಲ್ಲ. ವಿಧಿಸಂಗೀತವು ಪ್ರೇಕ್ಷಾಗೃಹವನ್ನು ಪ್ರವೇಶಿಸುವಾಗ ಅದರ ಶುದ್ಧತೆಯೊಂದನ್ನೇ ವಿಮರ್ಶೆಯ ಅಳತೆಗೋಲಾಗಿ ಹಿಡಿಯುವುದು ಸಾಲದು. ಆ ನಾದದ ಹಕ್ಕುದಾರರು ಅಲ್ಲಿ ಮಾತನಾಡುವ ಸ್ಥಾನದಲ್ಲಿದ್ದರೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.